ಮೊಡವೆಯ ಚರಿತ್ರೆ

ರೋಗಗಳಲ್ಲಿ ಹಿರಿದು ಕಿರಿದೆಂಬ ಭೇದವನ್ನೆಣಿಸುವುದು ಭಾರತೀಯ ವೈದ್ಯಶಾಸ್ತ್ರದಲ್ಲಿ ಬಹು ಹಿಂದಿನಿಂದ ನಡೆದುಬಂದ ಪದ್ಧತಿ. ಸುಶ್ರುತಸಂಹಿತೆಯ ನಿದಾನಸ್ಥಾನದ ೧೩ನೆಯ ಅಧ್ಯಾಯದಲ್ಲಿ ೪೪ ಕ್ಷುದ್ರರೋಗಗಳ ಎಣಿಕೆಯಿದೆ. ಹಿಮ್ಮಡಿಯ ಒಡಕು, ಉಗುರುಸುತ್ತು, ಅಕಾಲದ ನರೆ, ಕೂದಲುದುರುವಿಕೆ, ಮಚ್ಚೆ, ನರುಲಿ ಮೊದಲಾದ ಸಣ್ಣಪುಟ್ಟ ಬಾಧೆಗಳ ಸಾಲಿನಲ್ಲಿ ಮುಖದೂಷಿಕೆಯೆಂಬುದೂ ಒಂದು. ಕನ್ನಡದಲ್ಲಿ ಇದೇ ಮೊಡವೆ. ಪ್ರಾಣಾಪಾಯವಿಲ್ಲದ, ಹಾಸಿಗೆ ಹಿಡಿಸದ ಈ ವ್ಯಾಧಿಯನ್ನು ಶಾಸ್ತ್ರಕಾರನು ಕ್ಷುದ್ರವೆಂದುದು ಯುಕ್ತವೇ ಸರಿ. ಆದರೆ ಅದನ್ನು ಮುಖದಲ್ಲಿ ಹೊತ್ತ ಹದಿನಾರು ವರ್ಷದವರಿಗೆ ಅದು ಕ್ಷುದ್ರವೆಂದು ತೋರದು. ನೆಂಟರ ಮನೆಯ ಮದುವೆಗೆ ಹೊರಡಲೊಲ್ಲದ ಹುಡುಗಿ, ತರಗತಿಯಲ್ಲಿ ಉತ್ತರ ತಿಳಿದಿದ್ದರೂ ಎದ್ದು ನಿಲ್ಲಲೊಲ್ಲದ ಹುಡುಗ, ಇವರು ಯಾವ ಊರಿಗೂ ಹೊಸಬರಲ್ಲ. ಸಾಲದುದಕ್ಕೆ ಮನೆಯ ಹಿರಿಯರು ಒಂದೊಂದು ಅಪರಾಧವನ್ನೂ ಹೊರಿಸುವರು. ಒಬ್ಬರು ಕರಿದ ತಿಂಡಿಯನ್ನು ದೂರಿದರೆ ಇನ್ನೊಬ್ಬರು ಮುಖ ತೊಳೆಯುವುದರಲ್ಲಿನ ಸೋಮಾರಿತನವನ್ನು, ಮತ್ತೊಬ್ಬರು ನಿದ್ದೆಗೆಡುವುದನ್ನು ದೂರುವರು. ಈ ದೂರುಗಳು ಇಂದಿನವಲ್ಲ. ಮೊಡವೆಯ ಚರಿತ್ರೆಯನ್ನು ಬಿಡಿಸಿ ನೋಡಿದರೆ ಅದರ ಬಹುಭಾಗವು ರೋಗಿಯ ಮೇಲೆ ಹೊರಿಸಿದ ತಪ್ಪುಗಳ ಚರಿತ್ರೆಯೇ ಆಗಿರುವುದು.

ಆಶ್ಚರ್ಯವೇನೆಂದರೆ, ಭಾರತದ ಪ್ರಾಚೀನ ಲಕ್ಷಣವಾಕ್ಯಗಳಲ್ಲಿ ಈ ದೂಷಣೆ ಕಾಣದು. ಯುವಜನರ ಮುಖದಲ್ಲಿ ಕಫ, ವಾತ, ರಕ್ತಗಳ ದೆಸೆಯಿಂದ ಹುಟ್ಟತಕ್ಕ, ಶಾಲ್ಮಲಿಯ ಮುಳ್ಳನ್ನು ಹೋಲುವ ಪಿಡಕೆಗಳೇ ಮುಖದೂಷಿಕೆಗಳೆಂದು ಸುಶ್ರುತನು ಹೇಳಿರುವನು. ಶಾಲ್ಮಲಿಯೆಂದರೆ ಬೂರುಗ. ಬೂರುಗದ ಎಳೆಯ ಮರವನ್ನು ಕಂಡವರಿಗೆ ಈ ಉಪಮೆಯ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಬುಡ ಅಗಲವಾಗಿ, ತುದಿ ಮೊನಚಾಗಿ, ತೊಗಟೆಯ ಮೇಲೆ ಗುಬುಟುಗಟ್ಟಿ ನಿಂತಿರುವ ಆ ಮುಳ್ಳುಗಳು ಮರ ಎಳೆಯದಿರುವಾಗ ದಟ್ಟವಾಗಿದ್ದು, ಮರ ಬಲಿತಂತೆ ಬಹುಮಟ್ಟಿಗೆ ಉದುರಿಹೋಗುವುವು. ಆಚಾರ್ಯನು ಆಕಾರಸಾಮ್ಯವನ್ನು ಮಾತ್ರ ನೆನೆದನೋ, ವಯೋಧರ್ಮವನ್ನೂ ನೆನೆದನೋ ಎಂಬುದನ್ನು ವಾಚಕರ ಊಹೆಗೆ ಬಿಡಬಹುದು. ‘ಮುಖದೂಷಿಕೆ’ ಎಂಬ ಹೆಸರಿನಲ್ಲಿ ದೂಷಿಸತಕ್ಕುದು ಗುಳ್ಳೆ, ದೂಷಿತವಾದುದು ಮುಖ. ಮುಖವುಳ್ಳವನ ನಡತೆಯ ಪ್ರಸ್ತಾಪವೇ ಆ ಲಕ್ಷಣದಲ್ಲಿ ಇಲ್ಲ.

ಸುಶ್ರುತನ ಅನಂತರದ ವಾಗ್ಭಟನು ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಅದೇ ಉಪಮೆಯನ್ನು ಉಳಿಸಿಕೊಂಡು ಮೂರು ವಿಶೇಷಣಗಳನ್ನು ಸೇರಿಸಿದನು. ಈ ಗುಳ್ಳೆಗಳು ನೋವುಳ್ಳವು, ಗಟ್ಟಿಯಾದವು, ಮೇದಸ್ಸನ್ನು ಒಳಗೆ ಹೊತ್ತವು. ಮೇದಸ್ಸೆಂದರೆ ಕೊಬ್ಬು. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ, ಬರಿಗಣ್ಣಿನಿಂದಲೂ ಬೆರಳಿನ ತುದಿಯಿಂದಲೂ ಪರೀಕ್ಷಿಸಿದ ವೈದ್ಯನೊಬ್ಬನು ಗುಳ್ಳೆಯ ಒಳಗಿರುವುದು ಬರಿಯ ಕೀವಲ್ಲ, ಜಿಡ್ಡು ಎಂದು ಗುರುತಿಸಿದುದು ಸಣ್ಣ ಮಾತಲ್ಲ. ಇನ್ನು ಸುಮಾರು ೧೩–೧೪ನೆಯ ಶತಮಾನದ ಶಾರ್ಙ್ಗಧರನು ಏಳು ಧಾತುಗಳಿಗೂ ಒಂದೊಂದು ಮಲವನ್ನು ಹೇಳುತ್ತ ಬಂದು, ಕಡೆಯದಾದ ಶುಕ್ರಧಾತುವಿನ ಮಲವಾಗಿ ಮುಖದ ಜಿಡ್ಡನ್ನೂ ಪಿಡಕೆಗಳನ್ನೂ ಒಟ್ಟಿಗೆ ಹೆಸರಿಸಿರುವನು. ಯೌವನೋದಯ, ಮುಖದ ಜಿಡ್ಡು, ಮೊಡವೆ ಈ ಮೂರೂ ಒಂದೇ ಎಳೆಯಲ್ಲಿ ಪೋಣಿಸಲ್ಪಟ್ಟಿರುವುದನ್ನು ಇಲ್ಲಿ ಕಾಣಬಹುದು. ಇಷ್ಟರಿಂದಲೇ ಇಂದಿನ ಹಾರ್ಮೋನುಗಳ ವಿಚಾರವೆಲ್ಲ ಪ್ರಾಚೀನರಿಗೆ ಕರತಲಾಮಲಕವಾಗಿತ್ತೆಂದು ಸಾಧಿಸಹೊರಡುವ ಉತ್ಸಾಹಿಗಳುಂಟು. ಅಂತಹ ಸಾಧನೆಯಿಂದ ಶಾಸ್ತ್ರಕ್ಕೂ ಗೌರವವಿಲ್ಲ, ಸತ್ಯಕ್ಕೂ ಉಪಕಾರವಿಲ್ಲ. ಅವರು ಕಂಡುದನ್ನು ಚೆನ್ನಾಗಿ ಕಂಡರು, ಕಾಣದುದನ್ನು ತ್ರಿದೋಷಗಳ ಭಾಷೆಯಲ್ಲಿ ಊಹಿಸಿದರು ಎಂದರೆ ಸಾಕು.

ಚಿಕಿತ್ಸೆಯ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಸುಶ್ರುತನು ಮೊಡವೆಗೆ ವಮನವನ್ನು ವಿಶೇಷವಾಗಿ ಹಿತವೆಂದು ಹೇಳಿ, ಬಜೆ, ಲೋಧ್ರ, ಸೈಂಧವಲವಣ, ಸಾಸಿವೆ ಇವುಗಳ ಲೇಪವನ್ನೂ, ಇಲ್ಲವಾದರೆ ಕೊತ್ತಂಬರಿ, ಬಜೆ, ಲೋಧ್ರ, ಕೋಷ್ಠ ಇವುಗಳ ಲೇಪವನ್ನೂ ವಿಧಿಸಿರುವನು. ಲೋಧ್ರದ ತೊಗಟೆ ಒಗರು. ಒಗರಿನಿಂದ ಜಿಡ್ಡು ಕೆಲಮಟ್ಟಿಗೆ ಹೀರಲ್ಪಟ್ಟಂತೆ ತೋರಬಹುದು. ಆದರೆ ಅರೆದ ಸಾಸಿವೆಯನ್ನು ಉರಿಯುತ್ತಿರುವ ಮುಖಕ್ಕೆ ಬಳಿದರೆ ಚರ್ಮ ಇನ್ನಷ್ಟು ಕೆರಳುವುದೆಂಬುದನ್ನು ತಿಳಿಯಲು ವೈದ್ಯನಾಗಬೇಕಿಲ್ಲ. ಗ್ರಂಥದಲ್ಲಿದೆಯೆಂಬ ಒಂದೇ ಕಾರಣದಿಂದ ಇಂತಹ ಲೇಪಗಳನ್ನು ಮನೆಯಲ್ಲಿ ಮಕ್ಕಳ ಮುಖದ ಮೇಲೆ ಪ್ರಯೋಗಿಸುವುದು ಗ್ರಂಥಭಕ್ತಿಯಲ್ಲ.

ಪಶ್ಚಿಮ ದೇಶಗಳಲ್ಲಿ ಈ ರೋಗದ ಹೆಸರಿನ ಕಥೆಯೇ ಒಂದು ಸ್ವಾರಸ್ಯ. ಇಂಗ್ಲಿಷಿನ ‘ಆಕ್ನೆ’ ಎಂಬ ಶಬ್ದವು ೬ನೆಯ ಶತಮಾನದ ಗ್ರೀಕ್ ವೈದ್ಯನಾದ ಅಮಿಡಾ ಪಟ್ಟಣದ ಏಟಿಯಸನ ಗ್ರಂಥದಿಂದ ಬಂದುದೆನ್ನುವರು. ಮೂಲದಲ್ಲಿದ್ದುದು ‘ಆಕ್ಮೆ’, ಪ್ರತಿಕಾರರ ಕೈಯಲ್ಲಿ ಮಕಾರವು ನಕಾರವಾಗಿ ‘ಆಕ್ನೆ’ಯಾಯಿತೆಂದು ವಿದ್ವಾಂಸರ ಮತ. ಓಲೆಗರಿಗಳ ಪಾಠಾಂತರಗಳೊಡನೆ ಹೆಣಗಾಡಿದವರಿಗೆ ಇಂತಹ ಲೇಖಕಪ್ರಮಾದ ಹೊಸದಲ್ಲ. ಅಶುದ್ಧ ಪಾಠವೇ ನಿಂತು, ಶುದ್ಧ ಪಾಠವು ಮರೆಯಾಗಿ, ಲೋಕದ ವೈದ್ಯರೆಲ್ಲರೂ ಇಂದಿಗೂ ಆ ತಪ್ಪನ್ನೇ ಉಚ್ಚರಿಸುತ್ತಿರುವರು. ‘ಆಕ್ಮೆ’ ಎಂದರೆ ಶಿಖರ, ಆಯುಸ್ಸಿನ ತುತ್ತತುದಿ, ತುಂಬುಪ್ರಾಯ. ಸಂಸ್ಕೃತದಲ್ಲಿ ಯೌವನಪಿಡಕೆಯೆಂದುದನ್ನೇ ಗ್ರೀಕರು ಪ್ರಾಯವೆಂಬ ಶಬ್ದದಿಂದ ಕರೆದರೆನ್ನಬೇಕು. ಅದಕ್ಕೂ ಐದು ಶತಮಾನಗಳ ಹಿಂದೆ ರೋಮಿನ ಕೆಲ್ಸಸನು, ಮೊಡವೆ ಮಚ್ಚೆಗಳಿಗೆ ಮದ್ದು ಮಾಡುವುದು ಹೆಚ್ಚುಕಡಮೆ ಹುಚ್ಚುತನವೇ ಆದರೂ ಸ್ತ್ರೀಯರ ಅಲಂಕಾರದ ಆಸೆಯನ್ನು ತಪ್ಪಿಸುವುದಕ್ಕಾಗದೆಂದು ಹೇಳಿ, ಮನಸ್ಸಿಲ್ಲದ ಮನಸ್ಸಿನಿಂದ ಚಿಕಿತ್ಸೆಯನ್ನು ಬರೆದನು. ಸಂಕಟವನ್ನು ಶೃಂಗಾರದ ಹಟವೆಂದು ಎಣಿಸುವ ವಾಡಿಕೆ ಹೀಗೆ ಎರಡು ಸಾವಿರ ವರ್ಷ ಹಳೆಯದು.

ಮೊಡವೆಗೆ ಮೊದಲು ರೋಮಕೂಪದ ಬಾಯಲ್ಲಿ ಕಟ್ಟುವ ಬಿರಡೆಗೆ ಪಶ್ಚಿಮದವರು ‘ಕೊಮೆಡೊ’ ಎಂದರು. ಲ್ಯಾಟಿನಿನಲ್ಲಿ ಅದಕ್ಕೆ ತಿಂಡಿಪೋತನೆಂದರ್ಥ. ಹಿಸುಕಿದಾಗ ಕರಿಯ ತಲೆಯುಳ್ಳ ಬಿಳಿಯ ಎಳೆಯೊಂದು ಹೊರಬರುವುದರಿಂದ, ಅದು ಮಾಂಸವನ್ನು ತಿನ್ನುವ ಹುಳುವೆಂದು ಜನರು ಬಹುಕಾಲ ನಂಬಿದ್ದರು. ಹುಳುವೆಂಬ ಭ್ರಾಂತಿ ಹೋಯಿತು. ಆದರೆ ಆ ಕರಿಯ ತಲೆಯು ಕೊಳೆಯೆಂಬ ಭ್ರಾಂತಿ ಇನ್ನೂ ಹೋಗಿಲ್ಲ. ಅದು ಧೂಳೂ ಅಲ್ಲ, ಮಸಿಯೂ ಅಲ್ಲ. ಕೂದಲಿಗೂ ಚರ್ಮಕ್ಕೂ ಬಣ್ಣ ಕೊಡುವ ಮೆಲನಿನ್ ಎಂಬ ದ್ರವ್ಯವೂ, ಗಾಳಿ ಸೋಕಿ ಬದಲಾದ ಜಿಡ್ಡೂ ಅಲ್ಲಿ ಕಪ್ಪಾಗಿ ಕಾಣುವುವು. ಎಷ್ಟು ಉಜ್ಜಿ ತೊಳೆದರೂ ಅದು ಹೋಗದಿರುವುದಕ್ಕೆ ಕಾರಣವಿದೇ.

ಲಂಡನ್ನಿನ ರಾಬರ್ಟ್ ವಿಲ್ಲನನು ಚರ್ಮರೋಗಗಳನ್ನು ಕಣ್ಣಿಗೆ ಕಾಣುವ ಆಕಾರದ ಮೇಲೆ ವಿಂಗಡಿಸಿದನು. ಅವನ ಶಿಷ್ಯನಾದ ಥಾಮಸ್ ಬೇಟ್‌ಮನ್ನನು ೧೮೧೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೊಡವೆಗೆ ನಾಲ್ಕು ಭೇದಗಳನ್ನು ಹೇಳಿದನು. ವಿಂಗಡಣೆ ಬೆಳೆಯಿತು, ಕಾರಣ ಮಾತ್ರ ತಿಳಿಯಲಿಲ್ಲ. ಕಾರಣ ತಿಳಿಯದ ಕಡೆ ನೀತಿಬೋಧೆ ನುಗ್ಗುವುದು ಸಹಜ. ೧೯ನೆಯ ಶತಮಾನದ ಯೂರೋಪಿನಲ್ಲಿ ಮೊಡವೆಯು ಗುಪ್ತ ದುರಭ್ಯಾಸದ ಗುರುತೆಂದು ಕೆಲವರು, ಬ್ರಹ್ಮಚರ್ಯದ ಫಲವೆಂದು ಮತ್ತೆ ಕೆಲವರು ಸಾರಿದರು. ಒಂದಕ್ಕೊಂದು ವಿರುದ್ಧವಾದ ಈ ಎರಡು ಅಪವಾದಗಳನ್ನೂ ಒಬ್ಬನೇ ಹುಡುಗನು ಹೊರಬೇಕಾಯಿತು! ಹದಿಹರೆಯದವರು ತಾವು ಮಾಡದ ಪಾಪವನ್ನು ಮುಖದ ಮೇಲೆ ಬರೆದುಕೊಂಡಂತೆ ತಲೆ ತಗ್ಗಿಸಿ ನಡೆದರು. ಮದ್ದುಗಳಾದರೂ ಸೌಮ್ಯವಾಗಿರಲಿಲ್ಲ. ಹೊಟ್ಟೆಗೆ ಪಾಷಾಣ, ಮೈಮೇಲೆ ಪಾದರಸದ ಲವಣಗಳು ಪ್ರಯೋಗವಾದುವು. ೧೮೯೫ರಲ್ಲಿ ರಾಂಟ್‌ಗೆನ್ನನು ಕ್ಷಕಿರಣಗಳನ್ನು ಕಂಡುಹಿಡಿದ ಮೇಲೆ ಬಹುಕಾಲ ಕಳೆಯುವ ಮೊದಲೇ ಅವನ್ನು ಮೊಡವೆಯ ಮುಖಗಳಿಗೂ ಹಾಯಿಸಿದರು. ಮೊಡವೆಗಳು ಕುಗ್ಗಿದುದು ನಿಜ. ಆದರೆ ಹೀಗೆ ಚಿಕಿತ್ಸೆ ಪಡೆದವರಲ್ಲಿ ಕೆಲವರಿಗೆ ದಶಕಗಳ ತರುವಾಯ ಕಂಠದ ಥೈರಾಯ್ಡ್ ಗ್ರಂಥಿಯಲ್ಲಿ ಗೆಡ್ಡೆಗಳೂ ಕ್ಯಾನ್ಸರೂ ತೋರಿದುವು. ಕ್ಷುದ್ರರೋಗಕ್ಕೆ ಮಾಡಿದ ಮದ್ದು ಮಹಾರೋಗವನ್ನು ತಂದುದಕ್ಕೆ ಇದು ಸಾಕ್ಷಿ.

ನಿಜವಾದ ಕಾರಣದ ಕಡೆಗೆ ಬೆಳಕು ಬಿದ್ದುದು ೧೯೪೧ರಲ್ಲಿ. ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ನನು ಯೌವನಕ್ಕೆ ಮುಂಚೆ ವೃಷಣಗಳನ್ನು ಕಳೆದುಕೊಂಡ ಪುರುಷರಲ್ಲಿ ಮೊಡವೆ ಕಾಣಿಸದೆಂಬುದನ್ನು ಗಮನಿಸಿದನು. ಅಂತಹವರಿಗೆ ಟೆಸ್ಟಾಸ್ಟೆರೋನ್ ಎಂಬ ಪುರುಷ ಹಾರ್ಮೋನನ್ನು ಕೊಟ್ಟಾಗ ಮುಖ ಜಿಡ್ಡೇರಿ ಮೊಡವೆಗಳು ಎದ್ದುವು. ಹೆಣ್ಣುಮಕ್ಕಳ ದೇಹದಲ್ಲಿಯೂ ಅಂಡಾಶಯ ಮತ್ತು ಅಡ್ರಿನಲ್ ಗ್ರಂಥಿಗಳಿಂದ ಈ ಬಗೆಯ ಹಾರ್ಮೋನು ಸ್ವಲ್ಪಮಟ್ಟಿಗೆ ಹುಟ್ಟುವುದು. ಅದರ ಪ್ರೇರಣೆಯಿಂದ ರೋಮಕೂಪಕ್ಕೆ ಹೊಂದಿರುವ ಮೇದೋಗ್ರಂಥಿಗಳು ಹಿಗ್ಗಿ ಜಿಡ್ಡನ್ನು ಹೆಚ್ಚಾಗಿ ಸುರಿಸುವುವು. ಕೂಪದ ಒಳಗೋಡೆಯ ಸತ್ತ ಕಣಗಳು ಉದುರದೆ ಅಂಟಿಕೊಂಡು ಬಾಯನ್ನು ಕಟ್ಟುವುವು. ಕಟ್ಟಿದ ಜಿಡ್ಡಿನಲ್ಲಿ ಚರ್ಮದ ನಿತ್ಯವಾಸಿಯಾದ ಸೂಕ್ಷ್ಮಾಣುವೊಂದು ಹೆಚ್ಚುವುದು. ದೇಹವು ಅದರೊಡನೆ ಹೋರಾಡುವಾಗ ಕೆಂಪೂ ಊತವೂ ನೋವೂ ತೋರುವುವು. ಈ ಸೂಕ್ಷ್ಮಾಣುವನ್ನು ೧೯ನೆಯ ಶತಮಾನದ ಕೊನೆಯಲ್ಲಿಯೇ ಕಂಡಿದ್ದರು. ಹಲವು ಸಲ ಹೆಸರು ಬದಲಾಯಿಸಿ ೨೦೧೬ರಲ್ಲಿ ಅದಕ್ಕೆ ‘ಕ್ಯೂಟಿಬ್ಯಾಕ್ಟೀರಿಯಮ್ ಆಕ್ನೆಸ್’ ಎಂದು ನಾಮಕರಣ ಮಾಡಿದರು. ಮೊಡವೆಯಿಲ್ಲದವರ ಮುಖದಲ್ಲಿಯೂ ಅದು ಇದ್ದೇ ಇರುವುದರಿಂದ ಅದನ್ನು ಹೊರಗಿನಿಂದ ಬಂದ ಶತ್ರುವೆನ್ನಲಾಗದು, ಇದು ಅಂಟುರೋಗವೂ ಅಲ್ಲ. ಇಷ್ಟೆಲ್ಲ ನಡೆಯುವುದು ಚರ್ಮದ ಮೇಲಲ್ಲ, ಒಳಗೆ. ಕಣ್ಣಿಗೆ ಕಾಣುವುದಕ್ಕೆ ವಾರಗಳ ಮುಂಚೆಯೇ ಮೊಡವೆಯ ಬೀಜ ಕೂಪದಲ್ಲಿ ಬಿದ್ದಿರುವುದು. ಆದುದರಿಂದಲೇ ಸರಿಯಾದ ಔಷಧವೂ ಫಲ ತೋರಲು ಎಂಟು ಹನ್ನೆರಡು ವಾರಗಳನ್ನು ಕೇಳುವುದು.

ಕೊಳೆಯ ಆರೋಪ ಹೀಗೆ ಬಿದ್ದುಹೋದರೂ ತೊಳೆಯುವ ಆಚಾರಕ್ಕೆ ಒಂದು ಸ್ಥಾನವುಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ರಚಿಸಿದ ಮಾನಸೋಲ್ಲಾಸದ ಸ್ನಾನಭೋಗದಲ್ಲಿ ಅಭ್ಯಂಗವೂ, ಹಚ್ಚಿದ ಎಣ್ಣೆಯನ್ನು ತೆಗೆಯುವ ಉದ್ವರ್ತನವೂ ವರ್ಣಿತವಾಗಿವೆ. ಎಣ್ಣೆಯನ್ನು ಉಜ್ಜಿ ತೆಗೆಯುವ ಪದಾರ್ಥವು ಬಡವರ ಮನೆಯಲ್ಲಿ ಕಡಲೆಹಿಟ್ಟೋ ಹೆಸರುಹಿಟ್ಟೋ ಸೀಗೆಪುಡಿಯೋ ಆಗಿ ಕನ್ನಡನಾಡಿನಲ್ಲಿ ಬಹುಕಾಲ ನಿಂತಿತು. ಸುಮಾರು ೧೯೧೮ರಲ್ಲಿ ಮೈಸೂರು ಸರ್ಕಾರದ ಗಂಧದ ಸಾಬೂನು ಹೊರಬಂದು ಬಚ್ಚಲುಮನೆಗಳನ್ನು ಸೇರಿತು. ಸಾಬೂನು ಜಿಡ್ಡನ್ನು ತೆಗೆಯುವುದು ನಿಜವಾದರೂ ಸಾಧಾರಣ ಸಾಬೂನೆಲ್ಲವೂ ಕ್ಷಾರಗುಣವುಳ್ಳದ್ದು. ಆರೋಗ್ಯವಾದ ಚರ್ಮದ ಮೇಲ್ಮೈಯಾದರೋ ಮಂದವಾದ ಆಮ್ಲಗುಣವುಳ್ಳದ್ದೆಂದು ಜರ್ಮನಿಯ ಷಾಡೆ ಮತ್ತು ಮಾರ್ಕಿಯೋನಿನಿ ಎಂಬವರು ೧೯೨೮ರಲ್ಲಿ ತೋರಿಸಿದರು. ದಿನಕ್ಕೆ ಐದಾರು ಸಲ ಸಾಬೂನು ಹಾಕಿ ಉಜ್ಜುವ ಹುಡುಗನು ಆ ಆಮ್ಲದ ಹೊದಿಕೆಯನ್ನು ಕಿತ್ತು, ಒಣಗಿದ ಚರ್ಮದ ಮೇಲೆ ಉರಿಯನ್ನು ತಂದುಕೊಳ್ಳುವನೇ ಹೊರತು ಮೊಡವೆಯನ್ನು ನೀಗನು. ಬೆಳಗ್ಗೆ ಸಂಜೆ ಎರಡು ಹೊತ್ತು, ಸೌಮ್ಯವಾದ ವಸ್ತುವಿನಿಂದ, ಬೆರಳುಗಳಿಂದಲೇ ಮೆಲ್ಲನೆ ತೊಳೆದು ಬಟ್ಟೆಯನ್ನು ಒತ್ತಿ ಒರಸಿಕೊಂಡರೆ ಸಾಕು. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿಯುವವರಿಗೆ ಇನ್ನೊಂದು ಮಾತು: ಕೇಶಕ್ಕೆ ಜಿಡ್ಡಿನ ಲೇಪನವನ್ನು ಬಳಸುವವರ ಹಣೆಯ ಅಂಚಿನಲ್ಲಿಯೇ ಗುಳ್ಳೆಗಳು ಸಾಲುಗಟ್ಟುವುದನ್ನು ೧೯೭೦ರಲ್ಲಿ ಅಮೆರಿಕದ ವೈದ್ಯರು ವರ್ಣಿಸಿದ್ದಾರೆ. ಹಿಸುಕುವುದಂತೂ ಎಂದಿಗೂ ಸಲ್ಲದು. ಹೊರಕ್ಕೆ ಬರುವುದಕ್ಕಿಂತ ಹೆಚ್ಚು ಒಳಕ್ಕೆ ಒಡೆದು, ತಾನಾಗಿ ಆರಬಹುದಾಗಿದ್ದ ಗುಳ್ಳೆ ಆಯುಷ್ಯವಿರುವವರೆಗೂ ಕುಳಿಯಾಗಿ ಉಳಿಯುವುದು.

ಆಹಾರದ ದೂರಿನ ಕಥೆ ಸ್ವಲ್ಪ ವಕ್ರ. ೧೯೬೯ರಲ್ಲಿ ಅಮೆರಿಕದಲ್ಲಿ ೬೫ ಮಂದಿಗೆ ಚಾಕೊಲೇಟನ್ನು ತಿನ್ನಿಸಿ, ಮೊಡವೆ ಹೆಚ್ಚಲಿಲ್ಲವೆಂದು ಪ್ರಕಟಿಸಿದರು. ಹೋಲಿಕೆಗಾಗಿ ಕೊಟ್ಟ ಮತ್ತೊಂದು ತಿಂಡಿಯಲ್ಲಿಯೂ ಸಕ್ಕರೆ ಕೊಬ್ಬುಗಳು ಅಷ್ಟೇ ಇದ್ದುವೆಂಬುದನ್ನು ಗಣನೆಗೆ ತಾರದೆ, ಆಹಾರಕ್ಕೂ ಮೊಡವೆಗೂ ಸಂಬಂಧವೇ ಇಲ್ಲವೆಂದು ವೈದ್ಯರು ಮೂರು ದಶಕ ಬೋಧಿಸಿದರು. ೨೦೦೨ರಲ್ಲಿ ಲೋರೆನ್ ಕಾರ್ಡೇನ್ ಮೊದಲಾದವರು ಪಾಪುವಾ ನ್ಯೂಗಿನಿಯ ಕಿಟಾವ ದ್ವೀಪದ ೧೨೦೦ ಜನರಲ್ಲಿಯೂ, ಪರಾಗ್ವೆಯ ಆಚೆ ಎಂಬ ಬೇಟೆಗಾರ ಜನಾಂಗದ ೧೧೫ ಮಂದಿಯಲ್ಲಿಯೂ ಒಂದು ಮೊಡವೆಯನ್ನೂ ಕಾಣಲಿಲ್ಲವೆಂದು ವರದಿಮಾಡಿದರು. ೨೦೦೭ರಲ್ಲಿ ಆಸ್ಟ್ರೇಲಿಯದಲ್ಲಿ ೪೩ ಯುವಕರ ಮೇಲೆ ೧೨ ವಾರ ನಡೆದ ಪರೀಕ್ಷೆಯಲ್ಲಿ, ರಕ್ತದಲ್ಲಿ ಸಕ್ಕರೆಯನ್ನು ಬೇಗನೆ ಏರಿಸದ ಆಹಾರವನ್ನು ತಿಂದವರಿಗೆ ಮೊಡವೆ ಹೆಚ್ಚು ತಗ್ಗಿತು. ಅಂತು ಮನೆಯ ಹಿರಿಯರ ದೂರು ಪೂರ್ತಿ ಸುಳ್ಳಲ್ಲ, ಆದರೆ ಗುರಿ ತಪ್ಪಿದೆ. ಬೋಂಡದ ಎಣ್ಣೆಗಿಂತ ಮೈದಾ ಸಕ್ಕರೆಗಳ ಮೇಲೆ ಸಂಶಯ ಹೆಚ್ಚು. ಅದೂ ಕಾರಣಗಳಲ್ಲಿ ಒಂದು ಸಣ್ಣ ಪಾಲು ಮಾತ್ರ. ಒಂದೇ ಪಂಕ್ತಿಯಲ್ಲಿ ಒಂದೇ ಅಡಿಗೆಯನ್ನುಂಡ ಅಣ್ಣನ ಮುಖ ನುಣ್ಣಗಿದ್ದು ತಮ್ಮನ ಮುಖ ಮುಳ್ಳಾಗುವುದನ್ನು ಯಾರು ಕಂಡಿಲ್ಲ?

ಇನ್ನು ಸಫಲವಾದ ಔಷಧಗಳ ಮಾತು. ಅಮೆರಿಕದ ಆಲ್ಬರ್ಟ್ ಕ್ಲಿಗ್‌ಮನ್ನನು ಎ ಜೀವಸತ್ವದಿಂದಾದ ಟ್ರೆಟಿನಾಯಿನ್ ಎಂಬ ಆಮ್ಲದ ಲೇಪವು ರೋಮಕೂಪದ ಬಿರಡೆಯನ್ನೇ ಸಡಿಲಿಸುವುದೆಂದು ತೋರಿಸಿದನು. ೧೯೭೧ರಲ್ಲಿ ಆ ದೇಶದ ಸರ್ಕಾರ ಅದಕ್ಕೆ ಅನುಮತಿ ಕೊಟ್ಟಿತು. ಮೊಡವೆಯ ಚಿಕಿತ್ಸೆಯಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಅದುವರೆಗೆ ಬಿದ್ದಿರಲಿಲ್ಲ. ಆದರೆ ಆ ಹೆಜ್ಜೆ ಯಾರ ಮೈಮೇಲೆ ಬಿದ್ದಿತು? ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಸೆರೆಮನೆಯಲ್ಲಿ ೧೯೫೧ರಿಂದ ೧೯೭೪ರವರೆಗೆ ಕೈದಿಗಳ ಮೇಲೆ ಕ್ಲಿಗ್‌ಮನ್ನನು ನಾನಾ ದ್ರವ್ಯಗಳನ್ನು ಪರೀಕ್ಷಿಸಿದನು. ಅವರಲ್ಲಿ ಬಹುಮಂದಿ ಕಪ್ಪು ಜನರು. ಪುಡಿಗಾಸಿಗೆ ಬೆನ್ನನ್ನೊಡ್ಡಿದ ಆ ಕೈದಿಗಳಿಗೆ ತಮ್ಮ ಮೇಲೆ ಹಚ್ಚುತ್ತಿರುವುದೇನೆಂದು ಸರಿಯಾಗಿ ತಿಳಿಸಿರಲಿಲ್ಲ. ಆಲೆನ್ ಹಾರ್ನ್‌ಬ್ಲಂ ಎಂಬ ಲೇಖಕನು ೧೯೯೮ರಲ್ಲಿ ಗ್ರಂಥವೊಂದನ್ನೇ ಬರೆದು ಈ ವೃತ್ತಾಂತವನ್ನು ಬಯಲಿಗೆ ತಂದನು. ೧೯೮೨ರಲ್ಲಿ ಅನುಮತಿ ಪಡೆದ ಐಸೊಟ್ರೆಟಿನಾಯಿನ್ ಎಂಬ ಗುಳಿಗೆಯು ಅತ್ಯಂತ ಕಠಿನವಾದ ಮೊಡವೆಯನ್ನೂ ಅಡಗಿಸಬಲ್ಲದು. ಆದರೆ ಗರ್ಭಿಣಿಯು ಸೇವಿಸಿದರೆ ಶಿಶುವು ಘೋರವಾದ ಅಂಗವಿಕಲತೆಯಿಂದ ಹುಟ್ಟುವ ಭಯವಿರುವುದರಿಂದ ವೈದ್ಯರ ಕಣ್ಗಾವಲಿಲ್ಲದೆ ಅದನ್ನು ಮುಟ್ಟಬಾರದು.

ಅದೇ ಕ್ಲಿಗ್‌ಮನ್ನನು ೧೯೭೫ರಲ್ಲಿ ಟ್ರೆಟಿನಾಯಿನ್, ಹೈಡ್ರೊಕ್ವಿನೋನ್ ಮತ್ತು ಒಂದು ಸ್ಟೀರಾಯ್ಡ್ ಸೇರಿದ ಮಿಶ್ರಣವನ್ನು ಚರ್ಮದ ಕಪ್ಪುಕಲೆಗಳಿಗಾಗಿ ರಚಿಸಿದನು. ಈ ಬಗೆಯ ಮಿಶ್ರಣಗಳು ಭಾರತಕ್ಕೆ ಬಂದು ಮಾಡಿದ ಅನಾಹುತ ದೊಡ್ಡದು. ಕಂದುಬಣ್ಣದ ಚರ್ಮದಲ್ಲಿ ಮೊಡವೆ ಆರಿದ ಮೇಲೂ ಕಪ್ಪುಕಲೆ ತಿಂಗಳುಗಟ್ಟಲೆ ನಿಲ್ಲುವುದು. ಹೆಣ್ಣು ನೋಡಲು ಬರುವವರ ದಿನ ಹತ್ತಿರವಾದಾಗ ಆ ಕಲೆಗೆ ತಿಂಗಳುಗಳ ಸಹನೆ ಯಾರಿಗಿದೆ? ಔಷಧದ ಅಂಗಡಿಯವನೋ, ಗೆಳತಿಯೋ, ನೆರೆಮನೆಯವರೋ ಹೇಳಿದ ಕೊಳವೆಯೊಂದು ಮನೆಗೆ ಬರುವುದು. ಹಚ್ಚಿದ ವಾರದಲ್ಲಿಯೇ ಕೆಂಪು ಇಳಿದು, ಮುಖ ಬೆಳ್ಳಗಾಗಿ, ಎಲ್ಲರೂ ಮೆಚ್ಚುವರು. ಸ್ಟೀರಾಯ್ಡಿನ ಗುಣವೇ ಅದು. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ ರಕ್ತನಾಳಗಳು ಹೊರಗೆ ತೋರುವುವು. ಕೆನ್ನೆಯ ಮೇಲೆ ರೋಮ ಬೆಳೆಯುವುದು. ಯಾವ ಮೊಡವೆಗೆಂದು ಹಚ್ಚಿದರೋ ಆ ಮೊಡವೆಯೇ ಮುಖ ತುಂಬ ಏಳುವುದು. ಬಿಡಹೋದರೆ ಬೆಂಕಿಯಂತಹ ಉರಿ. ಉರಿ ತಾಳದೆ ಮತ್ತೆ ಅದೇ ಕೊಳವೆ. ೨೦೧೧ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಭಾರತದ ೧೨ ಕೇಂದ್ರಗಳಿಗೆ ಮುಖದ ಚರ್ಮವ್ಯಾಧಿಯೆಂದು ಬಂದ ೨೯೨೬ ಮಂದಿಯಲ್ಲಿ ೪೩೩ ಮಂದಿ ಸ್ಟೀರಾಯ್ಡನ್ನು ಮುಖಕ್ಕೆ ಹಚ್ಚುತ್ತಿದ್ದವರೆಂದು ತಿಳಿಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಅದನ್ನು ಸೂಚಿಸಿದವರು ವೈದ್ಯರೇ ಅಲ್ಲ. ಅವರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡ ದುಷ್ಪರಿಣಾಮ ಮೊಡವೆಯೇ. ೨೦೧೮ರಲ್ಲಿ ಕೇಂದ್ರಸರ್ಕಾರವು ೧೪ ಸ್ಟೀರಾಯ್ಡುಗಳ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು.

ಆದುದರಿಂದ ಇಂದು ಮೊಡವೆಯೆಂದು ಬಂದ ಹುಡುಗಿಯನ್ನು ಅನುಭವಿಯಾದ ಚರ್ಮವೈದ್ಯನು ಏನು ತಿಂದೆಯೆಂದು ಮೊದಲು ಕೇಳುವುದಿಲ್ಲ. ಮುಖಕ್ಕೆ ಏನು ಹಚ್ಚಿದೆಯೆಂದು ಕೇಳುವನು. ಮನೆಯಲ್ಲಿರುವ ಕೊಳವೆಗಳನ್ನೆಲ್ಲ ತರುವಂತೆ ಹೇಳುವುದೂ ಉಂಟು. ಕೈಚೀಲದಿಂದ ಅವು ಒಂದೊಂದಾಗಿ ಮೇಜಿನ ಮೇಲಕ್ಕೆ ಬರುವುವು. ಬೇಡವಾದುದನ್ನು ಸ್ವಲ್ಪಸ್ವಲ್ಪವಾಗಿ ಬಿಡಿಸಿ, ತೆಳುವಾದ ಚರ್ಮವು ಮತ್ತೆ ಬಲಿಯುವವರೆಗೆ ತಾಯಿಗೂ ಮಗಳಿಗೂ ಧೈರ್ಯ ಹೇಳುತ್ತ, ಮೊಡವೆಯ ಚಿಕಿತ್ಸೆಗೆ ಅವನು ಕೈಹಾಕುವುದು ಅದಾದ ಮೇಲೆ.